ಮೊಟ್ಟೆಯ ಮೇಲೆ ತಾರೀಖು

ಕೋಳಿಯನ್ನು ಕಾವಿಗೆ ಕೂರಿಸಿದಿರಿ. 12 ಮೊಟ್ಟೆ ಇಟ್ಟಿರಿ. 21 ದಿನ ಕಾದಿರಿ. ಮರಿ ಆಗಿದ್ದು ನಾಲ್ಕೇ. ಉಳಿದವು ಕೊಳೆತು ಹೋದವು. "ಹುಂಜ ಸರಿಯಿಲ್ಲ" ಅಂತ ಬೈದಿರಿ. ಪಾಪ, ತಪ್ಪು ಹುಂಜದ್ದೇ ಇರಬೇಕೆಂದಿಲ್ಲ.

ಭಟ್ಕಳ, ಹೊನ್ನಾವರ, ಕುಮಟಾದ ಬೇಸಿಗೆ ಸೆಖೆ ನಿಮಗೆ ಗೊತ್ತೇ ಇದೆ. ಮೊಟ್ಟೆಯೊಳಗಿನ ಜೀವ ತಂಪಿನಲ್ಲಿ ಮಲಗಿರುತ್ತದೆ. ಸೆಖೆ ತಾಗಿದರೆ ಅರೆಬರೆ ಎಚ್ಚರವಾಗುತ್ತದೆ. ಬೆಳೆಯಲು ಶುರು ಮಾಡುತ್ತದೆ. ಆದರೆ ಆ ಬಿಸಿ ಕೋಳಿಯ ಕಾವಿನಷ್ಟು ಇಲ್ಲ. ಜೀವ ಸೋತು ಸಾಯುತ್ತದೆ.

ಒಂದು ಕೋಳಿ 12 ಮೊಟ್ಟೆ ಇಡಲು ಎರಡು ವಾರವಾದರೂ ಬೇಕು. ಮೊದಲ ಮೊಟ್ಟೆ ಅಷ್ಟೂ ದಿನ ಸೆಖೆಯಲ್ಲೇ ಬಿದ್ದಿರುತ್ತದೆ. ಅದಕ್ಕೇ ಪೆನ್ಸಿಲ್ ತಗೊಳ್ಳಿ. ದಿನಾ ಮೊಟ್ಟೆ ತೆಗೆದು ತಾರೀಖು ಬರೆಯಿರಿ. ಕಲಿತ ಅಕ್ಷರ ಕೆಲಸಕ್ಕೆ ಬಂತು ನೋಡಿ! ಗೂಡಿನಲ್ಲಿ ಗುರುತು ಹಾಕಿದ ಒಂದು ಹಳೇ ಮೊಟ್ಟೆ ಬಿಡಿ. ಇಲ್ಲದಿದ್ದರೆ ಕೋಳಿ ಬೇರೆ ಜಾಗ ಹುಡುಕೀತು.

ಮೊಟ್ಟೆ ಎಲ್ಲಿಡುವುದು? ಒಲೆ ಹತ್ತಿರ ಬೇಡ. ಹಂಚಿನ ಕೆಳಗಿನ ಅಟ್ಟವೂ ಬೇಡ. ಮಣ್ಣಿನ ಮಡಕೆಯನ್ನು ನೆರಳಲ್ಲಿ ಒದ್ದೆ ಮರಳಿನ ಮೇಲೆ ಕೂರಿಸಿ. ಒಳಗೆ ಒಣ ಹೊಟ್ಟು ಹಾಕಿ. ಚೂಪು ತುದಿ ಕೆಳಗೆ ಮಾಡಿ ಮೊಟ್ಟೆ ಇಡಿ. ತೆಳು ಬಟ್ಟೆ ಮುಚ್ಚಿ. ಮರಳಿಗೆ ದಿನಾ ನೀರು ಚಿಮುಕಿಸಿ. ನಮ್ಮ ಕರಾವಳಿ ಗಾಳಿಯಲ್ಲಿ ತೇವ ಜಾಸ್ತಿ, ಮಡಕೆ ಘಟ್ಟದ ಮೇಲಿನಷ್ಟು ತಂಪಾಗದು. ಆದರೂ ಅಟ್ಟಕ್ಕಿಂತ ಮೇಲು. ಫ್ರಿಜ್ ಬೇಡ, ಅದು ಅತಿ ತಂಪು. ಮೊಟ್ಟೆ ತೊಳೆಯಲೂಬೇಡಿ. ತೊಳೆದರೆ ಚಿಪ್ಪಿನ ಮೇಲಿನ ಕಾಣದ ಪೊರೆ ಹೋಗಿ, ಕೊಳೆ ಒಳಗೆ ಇಳಿಯುತ್ತದೆ.

ಕೋಳಿ ಕಾವಿಗೆ ಕೂತ ದಿನ ತಾರೀಖು ಓದಿ. ಬೇಸಿಗೆಯಲ್ಲಿ ನಾಲ್ಕೈದು ದಿನದ ಒಳಗಿನವನ್ನೇ ಆರಿಸಿ. ಮಳೆಗಾಲದಲ್ಲಿ ಒಂದು ವಾರದವೂ ಆದೀತು. ಎಣಿಕೆ ಕಡಿಮೆ ಬಿದ್ದರೆ ಇನ್ನೊಂದು ಕೋಳಿಯ ಹೊಸ ಮೊಟ್ಟೆ ಸೇರಿಸಿ. ಎಲ್ಲವನ್ನೂ ಒಂದೇ ದಿನ ಇಡಿ. ಮೊದಮೊದಲು ಇಟ್ಟ ಮೊಟ್ಟೆಗಳನ್ನು ಕೂಡಿಡದೆ ಆಗಿಂದಾಗಲೇ ಮಕ್ಕಳಿಗೆ ಬೇಯಿಸಿ ಕೊಡಿ, ಇಲ್ಲವೇ ಮಾರಿ.