ಮೂತ್ರಪಿಂಡವೂ ರಕ್ತದ ಒತ್ತಡವೂ: ಒಂದು ಚಾರಿತ್ರಿಕ ವಿವೇಚನೆ

ಮೂತ್ರಪಿಂಡಗಳ ಕಾರ್ಯ ಕಲ್ಮಷವನ್ನು ಹೊರಹಾಕುವುದಷ್ಟೇ ಎಂಬ ಭಾವನೆ ವಿದ್ಯಾವಂತರಲ್ಲಿಯೂ ಉಂಟು. ರಕ್ತದ ಒತ್ತಡವನ್ನೂ ದೇಹದ ಜಲಾಂಶವನ್ನೂ ಹತೋಟಿಯಲ್ಲಿಡುವ ಹೊಣೆಯೂ ಬಹುಮಟ್ಟಿಗೆ ಅವುಗಳದೇ. ವೈದ್ಯಶಾಸ್ತ್ರ ನಮ್ಮ ವ್ಯಾಸಂಗದ ವಿಷಯವಲ್ಲ. ಆದರೆ ಈ ಅರಿವು ಒಮ್ಮೆ ದೊರೆತು, ಅಲಕ್ಷ್ಯಕ್ಕೊಳಗಾಗಿ, ಮತ್ತೆ ದೊರೆತ ಬಗೆ ಚರಿತ್ರೆಯ ವಿದ್ಯಾರ್ಥಿಗಳಿಗೆ ವಿಚಾರಾರ್ಹವಾದುದು.

ಮೂತ್ರಪಿಂಡದ ರೋಗದಿಂದ ಮೃತರಾದ ಅನೇಕರ ಹೃದಯವು ದಪ್ಪವಾಗಿದ್ದುದನ್ನು ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ 1836ರಲ್ಲಿಯೇ ಗುರುತಿಸಿದ್ದನು. ರೋಗಿಯ ರಕ್ತದೊತ್ತಡವನ್ನು ಅಳೆಯುವ ಅನುಕೂಲವಾದ ಸಾಧನ ಆಗ ಇರಲಿಲ್ಲ. 1898ರಲ್ಲಿ ಸ್ಟಾಕ್‌ಹೋಮಿನಲ್ಲಿ ಟೀಗರ್‌ಸ್ಟೆಡ್ ಮತ್ತು ಅವನ ಶಿಷ್ಯ ಬರ್ಗ್‌ಮನ್ ಮೊಲದ ಮೂತ್ರಪಿಂಡದ ಸಾರವನ್ನು ಬೇರೊಂದು ಮೊಲದ ರಕ್ತನಾಳಕ್ಕೆ ಸೇರಿಸಲು, ಒತ್ತಡ ಏರಿತು. ಆ ದ್ರವ್ಯಕ್ಕೆ ಅವರು ರೆನಿನ್ ಎಂದು ಹೆಸರಿಟ್ಟರು. ಇತರರ ಕೈಯಲ್ಲಿ ಪ್ರಯೋಗ ಒಂದೇ ರೀತಿಯ ಫಲ ಕೊಡಲಿಲ್ಲವಾಗಿ, ವಿಷಯ ಮರೆಯಾಯಿತು.

1934ರಲ್ಲಿ ಅಮೆರಿಕದ ಕ್ಲೀವ್‌ಲೆಂಡಿನ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಗಳ ಮೂತ್ರಪಿಂಡಕ್ಕೆ ಹೋಗುವ ಧಮನಿಯನ್ನು ಬೆಳ್ಳಿಯ ಚಿಮಟದಿಂದ ಬಿಗಿದನು. ರಕ್ತದೊತ್ತಡ ಏರಿ, ಏರಿಯೇ ನಿಂತಿತು. ರೆನಿನ್‌ಗೆ ಮರುಜನ್ಮ ಬಂದಿತು. 1940ರ ಸುಮಾರಿಗೆ ಬ್ಯೂನಸ್ ಐರಿಸ್‌ನ ತಂಡವೂ ಇಂಡಿಯಾನಾಪೊಲಿಸ್‌ನ ತಂಡವೂ, ರೆನಿನ್‌ನಿಂದ ಹುಟ್ಟುವ ಒಂದೇ ವಸ್ತುವನ್ನು ಬೇರೆಬೇರೆಯಾಗಿ ಕಂಡು, ಬೇರೆಬೇರೆ ಹೆಸರಿಟ್ಟವು. 1958ರಲ್ಲಿ ರಾಜಿಯಾಗಿ, ಎರಡು ಹೆಸರುಗಳನ್ನೂ ಬೆಸೆದು ಆಂಜಿಯೋಟೆನ್ಸಿನ್ ಎಂದರು. ಗಡಿವಿವಾದಗಳ ಕಡತಗಳನ್ನು ಓದಿ ಬಲ್ಲ ನಮಗೆ ಇದೇನೂ ಸೋಜಿಗವಲ್ಲ.

ಇನ್ನು ಕಾರ್ಯಕ್ರಮ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಮೂತ್ರವಾಗಿ ಹೊರಹೋಗುವುದು ಸುಮಾರು ಒಂದೂವರೆ ಲೀಟರ್ ಮಾತ್ರ. ಉಳಿದುದೆಲ್ಲ ರಕ್ತಕ್ಕೆ ಮರಳುತ್ತದೆ. ಎಷ್ಟನ್ನು ಮರಳಿಸಬೇಕೆಂಬ ನಿರ್ಣಯದಲ್ಲಿಯೇ ಒತ್ತಡದ ಗುಟ್ಟು ಅಡಗಿದೆ. ಒತ್ತಡ ಇಳಿದಾಗ ಮೂತ್ರಪಿಂಡ ರೆನಿನ್ನನ್ನು ಸ್ರವಿಸುತ್ತದೆ. ಅದು ಯಕೃತ್ತಿನಿಂದ ಬಂದ ಒಂದು ಪ್ರೋಟೀನನ್ನು ತುಂಡರಿಸಲು, ಆ ತುಂಡು ಮುಖ್ಯವಾಗಿ ಶ್ವಾಸಕೋಶಗಳಲ್ಲಿ ಮಾರ್ಪಟ್ಟು ಪ್ರಬಲವಾದ ಆಂಜಿಯೋಟೆನ್ಸಿನ್ ಆಗುತ್ತದೆ. ಇದು ರಕ್ತನಾಳಗಳನ್ನು ಕಿರಿದುಗೊಳಿಸುವುದಲ್ಲದೆ, ಮೂತ್ರಪಿಂಡದ ನೆತ್ತಿಯಲ್ಲಿರುವ ಅಡ್ರಿನಲ್ ಗ್ರಂಥಿಯಿಂದ ಆಲ್ಡೊಸ್ಟಿರೋನನ್ನು ಹೊರಡಿಸುತ್ತದೆ. ಅದರ ಪ್ರೇರಣೆಯಿಂದ ಮೂತ್ರಪಿಂಡ ಸೋಡಿಯಮ್ಮನ್ನು ಉಳಿಸಿಕೊಳ್ಳುತ್ತದೆ. ಉಪ್ಪಿನ ಬೆನ್ನ ಹಿಂದೆ ನೀರು.

ಗೋಲ್ಡ್‌ಬ್ಲಾಟನ ನಾಯಿಗಳಿಂದ ಮನುಷ್ಯರ ಎಲ್ಲ ರಕ್ತದೊತ್ತಡವೂ ವಿವರಿಸಲ್ಪಟ್ಟಿತೆಂದು ಭಾವಿಸಬಾರದು. ಬಹುಪಾಲು ರೋಗಿಗಳಲ್ಲಿ ಆ ಧಮನಿ ಕಿರಿದಾಗಿರುವುದಿಲ್ಲ. ಆದರೂ ಈ ಸರಪಳಿಯ ತಿಳಿವಳಿಕೆ ಫಲ ಕೊಟ್ಟಿತು: ಬ್ರೆಜಿಲ್ ದೇಶದ ಹಾವೊಂದರ ವಿಷದ ಅಧ್ಯಯನದಿಂದ ರೂಪುಗೊಂಡ ಕ್ಯಾಪ್ಟೊಪ್ರಿಲ್ ಎಂಬ ಔಷಧ 1981ರಲ್ಲಿ ಬಳಕೆಗೆ ಬಂದಿತು, ಆಂಜಿಯೋಟೆನ್ಸಿನ್ ಆಗುವ ಮಾರ್ಪಾಟನ್ನೇ ಅದು ತಡೆಯುತ್ತದೆ. ಬ್ರೈಟ್ ಕಂಡ ಒಗಟಿಗೆ ಮಾತ್ರ ಎರಡು ಮುಖಗಳಿವೆ. ಕೆಟ್ಟ ಮೂತ್ರಪಿಂಡ ಒತ್ತಡವನ್ನು ಏರಿಸುವಂತೆ, ಏರಿದ ಒತ್ತಡವೂ ಮೂತ್ರಪಿಂಡವನ್ನು ಕೆಡಿಸುತ್ತದೆ. ರೋಗಿಯೊಬ್ಬನಲ್ಲಿ ಯಾವುದು ಮೊದಲಾಯಿತೆಂದು ಹೇಳುವುದು ಇಂದಿಗೂ ಅನೇಕ ವೇಳೆ ವೈದ್ಯರಿಗೆ ಸುಲಭವಲ್ಲ.