ಬೇರುನಾಳದ ಶುದ್ಧಿ: ನೋವು ನಿಂತರೆ ಸಾಲದು

ಹಲ್ಲುನೋವಿನಿಂದ ರಾತ್ರಿಯೆಲ್ಲ ನಿದ್ದೆಗೆಟ್ಟ ಹಳೇ ಹುಬ್ಬಳ್ಳಿಯ ವಿದ್ಯಾರ್ಥಿಯೊಬ್ಬ ಬೆಳಿಗ್ಗೆ ಬಸ್ಸು ಹಿಡಿದು, ಧಾರವಾಡದ ಸತ್ತೂರಿನಲ್ಲಿರುವ ಎಸ್.ಡಿ.ಎಂ. ದಂತ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಗೆ ಹೋದನೆಂದು ಭಾವಿಸೋಣ. 1986ರಲ್ಲಿ ಆರಂಭವಾದ ಈ ಸಂಸ್ಥೆ ಅವಳಿ ನಗರದವರಿಗೆ ಚಿರಪರಿಚಿತ. ಅಲ್ಲಿ ಬೇರುನಾಳ ಚಿಕಿತ್ಸೆ, ಅಂದರೆ ರೂಟ್ ಕೆನಾಲ್, ಶುರುವಾಗುತ್ತದೆ. ಮೊದಲ ಭೇಟಿಯಲ್ಲೇ ನೋವು ಇಳಿಯುತ್ತದೆ. 'ಪರೀಕ್ಷೆ ಹತ್ತಿರ ಬಂತು, ಇನ್ನೇಕೆ ಹೋಗಬೇಕು?' ಎಂದು ಅವನು ಸುಮ್ಮನಾದರೆ ಏನಾದೀತು?

ಹಲ್ಲಿನ ಒಳಗೆ ರಕ್ತನಾಳ, ನರಗಳಿರುವ ಮೃದುವಾದ ದಂತಮಜ್ಜೆಯಿದೆ. ಹುಳುಕು ಆಳಕ್ಕಿಳಿದಾಗ ಬ್ಯಾಕ್ಟೀರಿಯಾಗಳು ನುಗ್ಗಿ ಮಜ್ಜೆ ಸಾಯುತ್ತದೆ. ಸತ್ತ ಮಜ್ಜೆಗೆ ರಕ್ತ ಹರಿಯುವುದಿಲ್ಲ. ಆದ್ದರಿಂದ ನುಂಗಿದ ಮಾತ್ರೆಯ ಔಷಧ ಅಲ್ಲಿಗೆ ಮುಟ್ಟುವುದಿಲ್ಲ. 1965ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವೊಂದು ಇಲಿಗಳ ಹಲ್ಲು ಕೊರೆದು ಮಜ್ಜೆಯನ್ನು ತೆರೆದಿಟ್ಟಿತು. ಸಾಮಾನ್ಯ ಇಲಿಗಳಲ್ಲಿ ಮಜ್ಜೆ ಕೊಳೆಯಿತು. ಸೂಕ್ಷ್ಮಾಣುಗಳೇ ಇಲ್ಲದ ಪರಿಸರದಲ್ಲಿ ಬೆಳೆಸಿದ ಇಲಿಗಳಲ್ಲಿ ಅದು ಮಾಯತೊಡಗಿತು. ರೋಗದ ಮೂಲ ಯಾವುದೆಂದು ಇದರಿಂದ ಖಚಿತವಾಯಿತು.

ಹಾಗಾದರೆ ನಾಳವನ್ನು ಶುಚಿ ಮಾಡುವುದು ಹೇಗೆ? ಮೊದಲು ಜೊಲ್ಲು ಒಳಸೇರದಂತೆ ಹಲ್ಲಿನ ಸುತ್ತ ತೆಳು ರಬ್ಬರ್ ಹಾಳೆ ಕಟ್ಟುತ್ತಾರೆ. ಬಳಿಕ ಫೈಲ್ ಎಂಬ ಸೂಜಿಯಂಥ ಅರಗಳಿಂದ ನಾಳದ ಗೋಡೆಯನ್ನು ಉಜ್ಜುತ್ತಾರೆ. ಆದರೆ ನಾಳ ನೇರ ಕೊಳವೆಯಲ್ಲ. ಅದಕ್ಕೆ ಬಾಗುಗಳಿವೆ, ಕವಲುಗಳಿವೆ. ಗೋಡೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜಾಗವನ್ನು ಅರ ಮುಟ್ಟದೇ ಇರಬಹುದು. ಅಲ್ಲಿಗೆ ಹೋಗಬಲ್ಲದ್ದು ದ್ರಾವಣ ಮಾತ್ರ.

ಮುಖ್ಯ ದ್ರಾವಣ ಸೋಡಿಯಂ ಹೈಪೋಕ್ಲೋರೈಟ್. ಬಟ್ಟೆ ಬಿಳುಪಾಗಿಸುವ ದ್ರವದಲ್ಲಿರುವುದೂ ಇದೇ. ಮೊದಲ ಮಹಾಯುದ್ಧದಲ್ಲಿ ರಸಾಯನಶಾಸ್ತ್ರಜ್ಞ ಹೆನ್ರಿ ಡೇಕಿನ್ ಸೈನಿಕರ ಗಾಯ ತೊಳೆಯಲು ಸುಮಾರು ಶೇ. 0.5ರ ದ್ರಾವಣ ಬಳಸಿದರು. ದಂತವೈದ್ಯರು ಬಳಸುವುದು ಶೇ. 0.5ರಿಂದ 5.25ರವರೆಗೆ. ಅದು ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದಲ್ಲದೆ ಸತ್ತ ಮಜ್ಜೆಯನ್ನು ಕರಗಿಸುತ್ತದೆ. ಬೇರಿನ ತುದಿ ದಾಟಿದರೆ ತೀವ್ರ ನೋವು, ಬಾವು ಬರುವುದರಿಂದ ಅದನ್ನು ನಿಧಾನವಾಗಿ ಹಾಯಿಸುತ್ತಾರೆ. ಉಜ್ಜಿದಾಗ ಗೋಡೆಗೆ ಮೆತ್ತಿದ ಪುಡಿಯನ್ನು ಶೇ. 17ರ ಇ.ಡಿ.ಟಿ.ಎ. ದ್ರಾವಣ ತೆಗೆಯುತ್ತದೆ.

ಮತ್ತೊಂದು ಭೇಟಿ ಬೇಕಾದರೆ ನಾಳದಲ್ಲಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತುಂಬಿ ತಾತ್ಕಾಲಿಕವಾಗಿ ಮುಚ್ಚುತ್ತಾರೆ. ಎಲೆ ಅಡಿಕೆಗೆ ಹಚ್ಚುವ ಸುಣ್ಣವೂ ರಾಸಾಯನಿಕವಾಗಿ ಇದೇ! ಅದರ ತೀವ್ರ ಕ್ಷಾರಗುಣದಲ್ಲಿ ಹೆಚ್ಚಿನ ಬ್ಯಾಕ್ಟೀರಿಯಾಗಳು ಬದುಕಲಾರವು. ಹಾಗೆಂದು ಮನೆಯ ಸುಣ್ಣವನ್ನು ಹಲ್ಲಿಗೆ ತುಂಬಬಾರದು, ಬಾಯಿ ಸುಡುತ್ತದೆ. ಕೊನೆಗೆ ನಾಳವನ್ನು ಒಣಗಿಸಿ, ಗಟ್ಟಾಪರ್ಚಾ ಎಂಬ ಮರದ ಹಾಲಿನಿಂದಾದ ವಸ್ತುವನ್ನು ತುಂಬುತ್ತಾರೆ.

ಈಗ ನಮ್ಮ ವಿದ್ಯಾರ್ಥಿಯ ವಿಷಯ. ತಾತ್ಕಾಲಿಕ ಮುಚ್ಚಳ ಕೆಲವು ವಾರಗಳಲ್ಲಿ ಸವೆಯುತ್ತದೆ, ಜೊಲ್ಲಿನೊಂದಿಗೆ ಬ್ಯಾಕ್ಟೀರಿಯಾಗಳು ಮರಳುತ್ತವೆ. ನರವಿಲ್ಲದ ಹಲ್ಲು ನೋಯದೆಯೇ ಬೇರಿನ ತುದಿಯಲ್ಲಿ ಕೀವು ಕಟ್ಟಬಹುದು. ಕಡೆಗೆ ಹಲ್ಲನ್ನೇ ಕೀಳಬೇಕಾದೀತು. ನೋವು ನಿಂತ ಮೇಲೂ ಉಳಿದ ಭೇಟಿಗಳನ್ನು ತಪ್ಪಿಸಬಾರದೆನ್ನುವುದು ಇದಕ್ಕಾಗಿಯೇ.