ರಜೆಯ ಬುತ್ತಿ

ಮಕ್ಕಳಿಗೆ ಬೇಸಿಗೆಯ ರಜೆ ಬಂದಿತೆಂದರೆ ದೂರದ ಊರುಗಳಿಗೇ ಪ್ರವಾಸ ಹೋಗಬೇಕೆಂದೇನಿಲ್ಲ. ಬಂಟ್ವಾಳದಿಂದ ಬೆಳಗ್ಗೆ ಹೊರಟರೆ, ಮೂಡುಬಿದಿರೆಯಲ್ಲಿ 1430ರಲ್ಲಿ ನಿರ್ಮಾಣಗೊಂಡ ಸಾವಿರ ಕಂಬದ ಬಸದಿಯನ್ನೂ, ಬೆಳ್ತಂಗಡಿ ತಾಲ್ಲೂಕಿನ ವೇಣೂರಿನಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲರು ನಿಲ್ಲಿಸಿದ 35 ಅಡಿ ಎತ್ತರದ ಗೊಮ್ಮಟನನ್ನೂ ದರ್ಶಿಸಿ ಸಂಜೆಗೆ ಮನೆ ಸೇರಬಹುದು. ಕಂಬಗಳ ಕೆತ್ತನೆಯನ್ನು ಒಂದರೊಡನೊಂದು ಹೋಲಿಸಿ ನೋಡಲು ಮಕ್ಕಳಿಗೆ ಸಾವಕಾಶವಾಗಿ ಬಿಡಬೇಕು.

ದಾರಿಯ ಬುತ್ತಿಗೆ ಅಂಗಡಿಯ ಪೊಟ್ಟಣಗಳೇಕೆ? ಈ ಸೀಮೆಯಲ್ಲಿ ಹಲಸು, ಪುನರ್ಪುಳಿಗಳು ಫಲಿಸುವುದು ರಜೆಯ ದಿನಗಳಲ್ಲಿಯೇ. ಬಲಿತ ಹಲಸಿನ ತೊಳೆಗಳನ್ನು ಹಬೆಯಲ್ಲಿ ಬೇಯಿಸಿ, ಉಪ್ಪು, ಮೆಣಸು, ಕೊತ್ತಂಬರಿಗಳೊಡನೆ ನೀರು ಬೆರೆಸದೆ ಅರೆದು, ಉಂಡೆ ಕಟ್ಟಿ, ತೆಳುವಾಗಿ ಒತ್ತಿ ಬಿಸಿಲಿಗೆ ಹರಡಿದರೆ ಹಪ್ಪಳ ಸಿದ್ಧವಾಗುತ್ತದೆ. ಉಂಡೆ ಕಟ್ಟುವುದು, ಕಾಗೆ ಕಾಯುವುದು ಎಳೆಯರ ಪಾಲಿನ ಕೆಲಸ. ಪುನರ್ಪುಳಿಯ ಸಿಪ್ಪೆಯನ್ನು ನೆನೆಸಿ ಬೆಲ್ಲ ಬೆರೆಸಿದರೆ ದಾಹ ತಣಿಸುವ ಪಾನಕವಾಗುತ್ತದೆ.

ಹಿಟ್ಟಿನ ಹದ ಅಜ್ಜಿಯ ಬೆರಳುಗಳಿಗೆ ಗೊತ್ತು. ಬರೆದಿಟ್ಟ ಅಳತೆಯಿಂದ ಅದು ಪೂರ್ತಿ ಬಾರದು. ಜೂನ್ ತಿಂಗಳ ಮಳೆ ಹಿಡಿದರೆ ಅಂಗಳದ ಬಿಸಿಲು ಮುಗಿಯಿತು. ಮುಂದಿನ ಬೇಸಿಗೆಗೆ ಹಲಸು ಮತ್ತೆ ಬಂದೀತು. ಕಲಿಸುವ ಕೈ ಇರುವಾಗಲೇ ಮಕ್ಕಳನ್ನು ಅದರ ಪಕ್ಕದಲ್ಲಿ ಕುಳ್ಳಿರಿಸುವುದು ತಂದೆತಾಯಿಯರ ಹೊಣೆ.